ಬಲಿಗೂ ಸಲ್ಲದವನು

ಫ್ರಾಂಜ್ ಕಾಫ್ಕಾನ ‘ರೂಪಾಂತರ’ ಕತೆಯನ್ನು ಕನ್ನಡಕ್ಕೆ ತರಬೇಕೆಂದು ನಾನು ಕೂತದ್ದು ಒಂದು ಮಳೆಗಾಲದಲ್ಲಿ. ನನ್ನದು ನಿಘಂಟನ್ನು ಊರುಗೋಲಾಗಿ ಹಿಡಿದು ನಡೆಯುವ ಜರ್ಮನ್. ಆದರೂ ನೀಳ್ಗತೆ ತಾನೇ, ಮಳೆ ನಿಲ್ಲುವುದರೊಳಗೆ ಮುಗಿದೀತು ಎಂದುಕೊಂಡಿದ್ದೆ. ಮಳೆ ನಿಂತಿತು, ಇನ್ನೊಂದು ಮಳೆಗಾಲವೂ ಬಂತು. ನಾನು ಮೊದಲ ವಾಕ್ಯದಲ್ಲೇ ಇದ್ದೆ. ಬಟ್ಟೆ ವ್ಯಾಪಾರದ ಕಂಪನಿಯೊಂದರ ಪರವಾಗಿ ಊರೂರು ತಿರುಗುವ ಗ್ರೆಗೋರ್ ಸಾಮ್ಸಾ ಒಂದು ಬೆಳಿಗ್ಗೆ ಎಚ್ಚರಾದಾಗ ತಾನು ಬೇರೇನೋ ಆಗಿಬಿಟ್ಟಿರುವುದನ್ನು ಕಾಣುತ್ತಾನೆ. ಆ ‘ಬೇರೇನೋ’ ಯಾವುದು ಎಂಬುದಕ್ಕೆ ಕಾಫ್ಕಾ ಒಂದು ಪದ ಬಳಸಿದ್ದಾನೆ: ಉನ್‌ಗೆತ್ಸೀಫರ್. ನನ್ನನ್ನು ತಡೆದು ನಿಲ್ಲಿಸಿದ್ದು ಈ ಪದ.

ನೋಟುಪುಸ್ತಕದ ಒಂದು ಪುಟದ ತುಂಬ ಬರೆದು ಹೊಡೆದುಹಾಕಿದ ಪದಗಳಿವೆ. ಕೀಟ ಎಂದರೆ ಶಾಲೆಯ ವಿಜ್ಞಾನ ಪುಸ್ತಕದ ವಾಸನೆ ಬರುತ್ತದೆ. ಆ ಪದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಹುಳ ಎನ್ನುವುದರಲ್ಲಿ ಒಂದು ಬಗೆಯ ಸಲಿಗೆಯಿದೆ. ಓದುವ ಹುಡುಗನನ್ನು ಪುಸ್ತಕದ ಹುಳ ಎಂದು ಮೆಚ್ಚಿಯೇ ಕರೆಯುತ್ತೇವೆ. ಕ್ರಿಮಿ ಎಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಯಿತು. ಜಿರಲೆ ಎಂದರೆ ಅಡುಗೆಮನೆಯ ಮೋರಿಯಿಂದ ಬರುವ ಒಂದು ನಿರ್ದಿಷ್ಟ ಪ್ರಾಣಿ ಎದುರಿಗೆ ಬಂದು ನಿಲ್ಲುತ್ತದೆ, ಕತೆ ಅಲ್ಲಿಗೆ ಮುಗಿದಂತೆ.

ಇಂಗ್ಲಿಷಿನವರೂ ಇಲ್ಲೇ ಎಡವಿದ್ದಾರೆ ಎಂಬುದು ಆಮೇಲೆ ತಿಳಿಯಿತು. ಎಡ್ವಿನ್ ಮತ್ತು ವಿಲ್ಲಾ ಮ್ಯೂರ್ ದಂಪತಿಗಳ ಅನುವಾದದಲ್ಲಿ ಅದು ದೈತ್ಯ ಕೀಟ. ಮೈಕೆಲ್ ಹಾಫ್‌ಮನ್ ಅನುವಾದದಲ್ಲಿ ಜಿರಲೆ. ಚಿಟ್ಟೆಗಳ ಅಧ್ಯಯನದಲ್ಲಿ ನಿಜವಾದ ಪರಿಣತಿಯಿದ್ದ ವ್ಲಾದಿಮಿರ್ ನಬೋಕೊವ್ ತನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ, ಬೆನ್ನಿನ ಗುಮ್ಮಟ, ಹೊಟ್ಟೆಯ ಪಟ್ಟೆ, ಕಾಲುಗಳ ಲೆಕ್ಕ ಎಲ್ಲವನ್ನೂ ಕೂಡಿಸಿ ಇದು ದುಂಬಿಯ ಜಾತಿಗೆ ಸೇರಿದ ಜೀವಿ, ಜಿರಲೆ ಖಂಡಿತ ಅಲ್ಲ ಎಂದು ತೀರ್ಮಾನಿಸಿದ. ಗ್ರೆಗೋರನಿಗೆ ರೆಕ್ಕೆಗಳಿದ್ದವು, ಅದು ಪಾಪ ಅವನಿಗೆ ಗೊತ್ತಾಗಲಿಲ್ಲ ಎಂಬ ಅವನ ಮಾತು ಬಹಳ ಚೆನ್ನಾಗಿದೆ. ಆದರೆ ನಬೋಕೊವ್ ಉತ್ತರಿಸುತ್ತಿರುವುದು ಕತೆ ಕೇಳದ ಪ್ರಶ್ನೆಗೆ. 1915ರ ಅಕ್ಟೋಬರಿನಲ್ಲಿ, ಪುಸ್ತಕ ಅಚ್ಚಿಗೆ ಹೋಗುವಾಗ, ಮುಖಪುಟದ ಕಲಾವಿದ ಆ ಪ್ರಾಣಿಯನ್ನು ಬರೆದುಬಿಟ್ಟಾನೆಂದು ಹೆದರಿ ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದ: ಅದನ್ನು ಚಿತ್ರಿಸುವಂತಿಲ್ಲ, ದೂರದಿಂದಲೂ ತೋರಿಸುವಂತಿಲ್ಲ. ಆ ಪತ್ರದಲ್ಲಿ ಅವನೇ ಕೀಟ ಎಂಬ ಸಾಮಾನ್ಯ ಪದ ಬಳಸಿದ್ದಾನೆ ನಿಜ. ಪತ್ರಕ್ಕೆ ಸಾಕಾದ ಆ ಪದ ಕತೆಯ ಮೊದಲ ವಾಕ್ಯಕ್ಕೆ ಅವನಿಗೆ ಸಾಕಾಗಲಿಲ್ಲ ಎನ್ನುವುದೇ ನನಗೆ ಮುಖ್ಯವಾಗಿ ಕಂಡದ್ದು.

ಹಾಗಾದರೆ ಆ ಪದದಲ್ಲಿ ಏನಿದೆ? ಬಿಡಿಸಿದರೆ ಮೂರು ತುಂಡುಗಳಾಗುತ್ತವೆ. ಮೊದಲಿನ ‘ಉನ್’ ನಿಷೇಧ, ನಮ್ಮ ‘ಅ’ ಇದ್ದಂತೆ. ನಡುವಿನ ‘ಗೆ’ ಒಟ್ಟುಗೂಡಿಸುವ ಪ್ರತ್ಯಯ. ಬೆರ್ಗ್ ಎಂದರೆ ಬೆಟ್ಟ, ಗೆಬಿರ್ಗೆ ಎಂದರೆ ಬೆಟ್ಟಗಳ ಸಾಲು. ಶ್ವೆಸ್ಟರ್ ಎಂದರೆ ಸೋದರಿ, ಗೆಶ್ವಿಸ್ಟರ್ ಎಂದರೆ ಒಡಹುಟ್ಟಿದವರೆಲ್ಲ. ಕೊನೆಯ ‘ತ್ಸೀಫರ್’ಗೆ ಇಂದಿನ ಜರ್ಮನ್ನಿನಲ್ಲಿ ತನ್ನದೇ ಆದ ಬದುಕಿಲ್ಲ. ಅದರ ಬೇರು ಹಳೆಯ ಜರ್ಮನ್ನಿನ ‘ತ್ಸೆಬರ್’. ಹಾಗೆಂದರೆ ಬಲಿಪಶು, ದೇವರಿಗೆ ಒಪ್ಪಿಸುವ ಪ್ರಾಣಿ. ಹಳೆಯ ಇಂಗ್ಲಿಷಿನಲ್ಲೂ ಇದರ ಒಡಹುಟ್ಟಿದ ಪದವೊಂದಿತ್ತು, ಅದೂ ಸತ್ತುಹೋಯಿತು. ಮೂರನ್ನೂ ಕೂಡಿಸಿದರೆ ಉನ್‌ಗೆತ್ಸೀಫರ್ ಎಂದರೆ ಬಲಿಗೆ ಯೋಗ್ಯವಲ್ಲದ ಪ್ರಾಣಿಗಳ ಗುಂಪು. ದೇವರಿಗೆ ಸಲ್ಲದ್ದು ಅಶುದ್ಧವಾಯಿತು, ಅಶುದ್ಧವಾದದ್ದು ಅಸಹ್ಯವಾಯಿತು, ಅಸಹ್ಯವಾದದ್ದು ಕೊಲ್ಲಬೇಕಾದ್ದಾಯಿತು. ಹೀಗೆ ಇಳಿಯುತ್ತ ಆ ಪದ ಹೇನು, ತಿಗಣೆ, ಇಲಿ, ಜಿರಲೆ ಎಲ್ಲಕ್ಕೂ ಒಟ್ಟಾಗಿ ನಿಂತಿತು. ಮಾರ್ಟಿನ್ ಲೂಥರ್ ಬೈಬಲನ್ನು ಜರ್ಮನ್ನಿಗೆ ತಂದಾಗ ಈಜಿಪ್ಟಿನ ಮೇಲೆ ದೇವರು ಕಳಿಸಿದ ನಾಲ್ಕನೆಯ ಪಿಡುಗಿಗೆ ಬಳಸಿದ್ದು ಇದೇ ಪದವನ್ನು.

ಈ ಮಾತನ್ನು ಕಾಫ್ಕಾ ಅಧ್ಯಯನದಲ್ಲಿ ಒತ್ತಿ ಹೇಳಿದವನು ಸ್ಟ್ಯಾನ್ಲಿ ಕಾರ್ನ್‌ಗೋಲ್ಡ್. ಅವನು ಇನ್ನೊಂದನ್ನೂ ಗಮನಿಸಿದ್ದಾನೆ. ಉನ್‌ಗೆತ್ಸೀಫರ್ ಹಿಂದೆ ಕಾಫ್ಕಾ ಇಟ್ಟ ವಿಶೇಷಣ ‘ಉನ್‌ಗೆಹೊಯರ್’. ವಿಪರೀತ, ವಿಕಾರ, ಭಯಾನಕ ಎಂದೆಲ್ಲ ನಿಘಂಟು ಹೇಳುತ್ತದೆ. ಅದರಲ್ಲೂ ಅದೇ ‘ಉನ್’, ಅದೇ ‘ಗೆ’. ಅದರ ಬೇರು ಪರಿಚಿತ, ಮನೆಯೊಳಗಿನ, ನಮ್ಮವ ಎಂಬ ಅರ್ಥದ ಹಳೆಯ ಪದ. ಒಂದು ಪದ ಅವನನ್ನು ಮನೆಯಿಂದ ಹೊರಗಿಡುತ್ತದೆ, ಇನ್ನೊಂದು ಬಲಿಪೀಠದಿಂದ ಹೊರಗಿಡುತ್ತದೆ. ಅವನು ಮನೆಗೂ ಆಗಲಿಲ್ಲ, ದೇವರಿಗೂ ಆಗಲಿಲ್ಲ.

ಇಲ್ಲಿ ಯಾರಾದರೂ ತಡೆದು ಕೇಳಬಹುದು: ಇಂದು ಜರ್ಮನ್ ಮಾತಾಡುವ ಯಾರಿಗೂ ಕೇಳಿಸದ ಬೇರನ್ನು ಅಗೆದು ತೆಗೆದು ಕತೆಯ ಮೇಲೆ ಹೇರುವುದು ಸರಿಯೆ? ಪದದ ಹುಟ್ಟು ಪದದ ಅರ್ಥವಲ್ಲ ಎಂಬುದು ಭಾಷಾಶಾಸ್ತ್ರದ ಮೊದಲ ಪಾಠ. ಅಂಗಡಿಯ ಮೇಲೆ ‘ಉನ್‌ಗೆತ್ಸೀಫರ್ ನಿವಾರಣೆ’ ಎಂಬ ಫಲಕ ಕಂಡ ಜರ್ಮನ್ನನಿಗೆ ಬಲಿಪೀಠ ನೆನಪಾಗುವುದಿಲ್ಲ, ಜಿರಲೆಯ ಔಷಧಿ ನೆನಪಾಗುತ್ತದೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿಕೊಂಡೇ ಬಹಳ ದಿನ ಸುಮ್ಮನಿದ್ದೆ. ನನ್ನನ್ನು ಮತ್ತೆ ಎಬ್ಬಿಸಿದ್ದು ನಮ್ಮದೇ ಒಂದು ಪದ.

ಅಮೇಧ್ಯ. ಕನ್ನಡದಲ್ಲಿ ಇದಕ್ಕೆ ಒಂದೇ ಅರ್ಥ ಉಳಿದಿದೆ, ಅದನ್ನು ಬಿಡಿಸಿ ಹೇಳಬೇಕಿಲ್ಲ. ಊಟದ ಹೊತ್ತಿನಲ್ಲಿ ಆಡಬಾರದ ಮಾತು. ಆದರೆ ಪದವನ್ನು ಬಿಡಿಸಿ ನೋಡಿ: ಮೇಧ ಎಂದರೆ ಯಜ್ಞ, ಯಜ್ಞಪಶುವಿನ ಸಾರ, ಅಶ್ವಮೇಧದ ಮೇಧ. ಮೇಧ್ಯ ಎಂದರೆ ಯಜ್ಞಕ್ಕೆ ಯೋಗ್ಯವಾದದ್ದು. ಅಮೇಧ್ಯ ಎಂದರೆ ಯಜ್ಞಕ್ಕೆ ಸಲ್ಲದ್ದು. ಜರ್ಮನ್ ವ್ಯಾಕರಣ ಇಂಥದ್ದನ್ನು ಬರೀ ಉಪಸರ್ಗ ಹಚ್ಚಿದ ಪದ ಎನ್ನುತ್ತದೆ, ನಮ್ಮ ವ್ಯಾಕರಣ ನಞ್ ತತ್ಪುರುಷ ಸಮಾಸ ಎಂದು ಗೌರವಿಸುತ್ತದೆ. ಹೆಸರು ಏನೇ ಇರಲಿ, ಎರಡು ಭಾಷೆಗಳು ಒಂದನ್ನೊಂದು ಕೇಳದೆಯೇ ಒಂದೇ ಇಳಿಜಾರಿನಲ್ಲಿ ಇಳಿದಿವೆ. ಬಲಿಗೆ ಸಲ್ಲದ್ದು ಎಂಬಲ್ಲಿಂದ ಹೊರಟು ಒಂದು ಹೊಲಸಿಗೆ ಬಂದು ನಿಂತಿತು, ಇನ್ನೊಂದು ಹುಳಕ್ಕೆ ಬಂದು ನಿಂತಿತು. ನಮಗೂ ಅಮೇಧ್ಯ ಎನ್ನುವಾಗ ಯಜ್ಞಕುಂಡ ಕಾಣುವುದಿಲ್ಲ. ಆದರೆ ಯಾವುದು ಒಳಗಿಡತಕ್ಕದ್ದು, ಯಾವುದು ಹೊರಗೆ ಎಸೆಯತಕ್ಕದ್ದು ಎಂಬ ಆ ಹಳೆಯ ವಿಂಗಡಣೆ ನಮ್ಮ ಮುಖದ ಮೇಲೆ ಈಗಲೂ ಮೂಡುತ್ತದೆ, ಮೂಗು ತಾನಾಗಿ ಸಿಂಡರಿಸುತ್ತದೆ. ಬೇರು ಮರೆತುಹೋದರೂ ತೀರ್ಪು ಉಳಿದಿರುತ್ತದೆ. ಕಾಫ್ಕಾನಿಗೆ ವ್ಯುತ್ಪತ್ತಿ ಗೊತ್ತಿತ್ತೆ ಎಂಬ ಪ್ರಶ್ನೆ ನನಗೆ ಅಷ್ಟು ದೊಡ್ಡದಾಗಿ ಕಾಣದಿರುವುದು ಇದಕ್ಕೇ. ತಿನ್ನುವ ಮಾಂಸವನ್ನು ಯೋಗ್ಯ, ಅಯೋಗ್ಯ ಎಂದು ಎರಡಾಗಿ ವಿಂಗಡಿಸುವ ಯಹೂದಿ ಪರಂಪರೆಯಲ್ಲಿ ಹುಟ್ಟಿದವನು ಅವನು. ಕೋಷರ್ ಎಂಬ ಪದಕ್ಕೂ ಯೋಗ್ಯ ಎಂದೇ ಅರ್ಥ. ಅವನ ತಂದೆಯ ತಂದೆ ಹಳ್ಳಿಯಲ್ಲಿ ಮಾಂಸ ಕಡಿಯುವ ಕಸುಬಿನವನು. ವಿಂಗಡಣೆಯ ಕತ್ತಿ ಆ ಮನೆಗೆ ಪರಿಚಿತವೇ.

ಐತರೇಯ ಬ್ರಾಹ್ಮಣದಲ್ಲಿ ಇದಕ್ಕೆ ಒಂದು ಕತೆಯೇ ಇದೆ. ದೇವತೆಗಳು ಮೊದಲು ಹಿಡಿದ ಯಜ್ಞಪಶು ಮನುಷ್ಯ. ಹಿಡಿದ ಕೂಡಲೇ ಅವನೊಳಗಿನ ಮೇಧ ಹೊರಟು ಕುದುರೆಯನ್ನು ಹೊಕ್ಕಿತು. ಕುದುರೆಯನ್ನು ಹಿಡಿದರು, ಅದು ಎತ್ತನ್ನು ಹೊಕ್ಕಿತು. ಎತ್ತಿನಿಂದ ಕುರಿಗೆ, ಕುರಿಯಿಂದ ಆಡಿಗೆ, ಕೊನೆಗೆ ಭೂಮಿಗಿಳಿದು ಬತ್ತವಾಯಿತು. ಮೇಧ ಬಿಟ್ಟುಹೋದ ಪ್ರಾಣಿಗಳು ಒಂದೊಂದೂ ರೂಪ ಬದಲಿಸಿ ಅಮೇಧ್ಯವಾದವು. ಮೇಧ ಹೋದ ಮನುಷ್ಯ ಏನಾದ? ಕಿಂಪುರುಷನಾದ. ಆ ಹೆಸರಿನಲ್ಲೇ ‘ಇವನೆಂಥ ಮನುಷ್ಯ’ ಎಂಬ ಪ್ರಶ್ನೆ ಅಡಗಿದೆ. ಕಾಫ್ಕಾ ಇದನ್ನು ಓದಿದ್ದ ಎಂದು ನಾನು ಹೇಳುತ್ತಿಲ್ಲ. ಯೋಗ್ಯತೆಯ ಸಾರ ಒಬ್ಬನಿಂದ ಹೊರಟುಹೋದರೆ ಅವನ ಆಕಾರವೇ ಬದಲಾಗುತ್ತದೆ ಎಂಬ ಕಲ್ಪನೆ ಅಷ್ಟು ಹಳೆಯದು ಎಂದಷ್ಟೇ ಹೇಳುತ್ತಿದ್ದೇನೆ.

ಈ ಹಿನ್ನೆಲೆಯಲ್ಲಿ ಕತೆಯನ್ನು ಮತ್ತೆ ಓದಿದಾಗ ನನಗೆ ಬೇರೆಯೇ ಏನೋ ಕಂಡಿತು. ಗ್ರೆಗೋರ್ ಹುಳವಾಗುವ ಮೊದಲು ಐದು ವರ್ಷ ಒಂದು ದಿನವೂ ಕಾಯಿಲೆ ಎನ್ನದೆ ದುಡಿದಿದ್ದಾನೆ, ಅಪ್ಪನ ಸಾಲ ತೀರಿಸಲು. ತಂಗಿಯನ್ನು ಸಂಗೀತ ಶಾಲೆಗೆ ಸೇರಿಸಬೇಕೆಂದು ಗುಟ್ಟಾಗಿ ಯೋಚಿಸಿದ್ದಾನೆ. ಮನೆಯವರು ಮೊದಮೊದಲು ಅವನ ದುಡ್ಡನ್ನು ಕೃತಜ್ಞತೆಯಿಂದ ತೆಗೆದುಕೊಂಡರು, ಆಮೇಲೆ ಅಭ್ಯಾಸವಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವನು ಮನೆಗಾಗಿ ತನ್ನನ್ನೇ ಬಲಿಕೊಟ್ಟುಕೊಂಡವನು. ಕೊನೆಗೂ ಅಷ್ಟೆ. ಅಪ್ಪ ಎಸೆದ ಸೇಬು ಬೆನ್ನಲ್ಲಿ ಕೊಳೆಯುತ್ತಿರುವಾಗ, ತಾನು ಇಲ್ಲವಾಗಬೇಕೆಂದು ತಂಗಿಗಿಂತ ತಾನೇ ಹೆಚ್ಚು ಒಪ್ಪಿಕೊಂಡು, ಮನೆಯವರನ್ನು ಮಮತೆಯಿಂದ ನೆನೆಯುತ್ತ ಬೆಳಗಿನ ಜಾವ ಪ್ರಾಣ ಬಿಡುತ್ತಾನೆ. ಅಪ್ಪ ದೇವರಿಗೆ ವಂದಿಸೋಣ ಎಂದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ, ಮೂವರು ಹೆಂಗಸರೂ ಹಾಗೇ ಮಾಡುತ್ತಾರೆ. ಚಳಿ ಕಳೆದಿದೆ, ಮನೆಯವರು ಟ್ರಾಮ್ ಹತ್ತಿ ಊರಾಚೆ ಹೋಗುತ್ತಾರೆ, ಮಗಳು ಮೈಮುರಿದು ಎದ್ದು ನಿಲ್ಲುತ್ತಾಳೆ, ಅವಳಿಗೊಂದು ಗಂಡು ಹುಡುಕಬೇಕು ಎಂದು ಅಪ್ಪ ಅಮ್ಮನಿಗೆ ಹೊಳೆಯುತ್ತದೆ. ಒಂದು ಜೀವ ಹೋಗಿ ಮನೆ ಚಿಗುರಿತು. ಬಲಿಯ ಎಲ್ಲ ಲಕ್ಷಣಗಳೂ ಇಲ್ಲಿವೆ. ಬಲಿ ಎಂಬ ಗೌರವ ಮಾತ್ರ ಇಲ್ಲ. ಹೆಣವನ್ನು ಕೆಲಸದಾಕೆ ಎಲ್ಲೋ ಸಾಗಹಾಕಿದ್ದಾಳೆ. ಹೇಗೆ ಎಂದು ಹೇಳಲು ಬಂದರೆ ಕೇಳುವವರಿಲ್ಲ.

ಅಂದರೆ ಮೊದಲ ವಾಕ್ಯದ ಆ ಪದವೂ ಕತೆಯ ನಡೆಯೂ ಒಂದಕ್ಕೊಂದು ಎದುರಾಗಿ ನಿಂತಿವೆ. ಪದ ‘ಇವನು ಬಲಿಗೆ ಸಲ್ಲದವನು’ ಎನ್ನುತ್ತದೆ. ಕತೆ ಅವನಿಂದ ಬಲಿಯ ಕೆಲಸವನ್ನೆಲ್ಲ ಮಾಡಿಸಿಕೊಳ್ಳುತ್ತದೆ. ಬಲಿಪಶುವಿಗಾದರೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ನೀರು ಚಿಮುಕಿಸಿ, ಅದು ಮೈ ಕೊಡವಿದಾಗ ಒಪ್ಪಿಗೆಯಾಯಿತು ಎಂದುಕೊಳ್ಳುತ್ತಾರೆ. ಕೊಲ್ಲುವವನಿಗೂ ಒಂದು ಋಣ ಉಳಿಯುತ್ತದೆ. ಉನ್‌ಗೆತ್ಸೀಫರ್‌ಗೆ ಆ ಋಣವಿಲ್ಲ. ಅವನ ಸಾವಿನಿಂದ ಬಂದ ಲಾಭವನ್ನು ಮನೆಯವರು ಕೈಗಂಟಿಸಿಕೊಳ್ಳದೆ ಪಡೆಯಬಹುದು. ನನ್ನ ಮಟ್ಟಿಗೆ ಈ ಕತೆಯ ನಿಜವಾದ ಕ್ರೌರ್ಯ ಇಲ್ಲಿದೆ. ಕೀಟ ಎಂದು ಅನುವಾದಿಸಿದ ಕೂಡಲೇ ಆ ಕ್ರೌರ್ಯ ಪ್ರಾಣಿಶಾಸ್ತ್ರದ ವಿಸ್ಮಯವಾಗಿ ಮಾರ್ಪಡುತ್ತದೆ.

ನಡುವಿನ ‘ಗೆ’ಯನ್ನು ಇನ್ನೂ ಬಿಟ್ಟಿದ್ದೇನೆ. ಉನ್‌ಗೆತ್ಸೀಫರ್ ಸಮೂಹವಾಚಕ. ಒಬ್ಬನೇ ಒಬ್ಬ ಗ್ರೆಗೋರ್ ಎದ್ದದ್ದು ಒಂದು ಗುಂಪಿನ ಹೆಸರಿನಲ್ಲಿ. ಇದು ಕಾಫ್ಕಾನ ಮನೆಯಲ್ಲಿ ನಡೆದದ್ದೇ. ಅವನು 1919ರಲ್ಲಿ ಅಪ್ಪನಿಗೆ ಬರೆದು, ಅಪ್ಪನ ಕೈ ಎಂದೂ ಸೇರದೇ ಹೋದ ಉದ್ದನೆಯ ಪತ್ರದಲ್ಲಿ ಈ ಪದ ಎರಡು ಕಡೆ ಬರುತ್ತದೆ. ಪೋಲೆಂಡ್ ಕಡೆಯಿಂದ ಪ್ರಾಗ್‌ಗೆ ಬಂದಿದ್ದ ಯಿದ್ದಿಶ್ ನಾಟಕದ ನಟ ಲೋವಿ ಕಾಫ್ಕಾನ ಆಪ್ತ ಗೆಳೆಯನಾಗಿದ್ದ. ಅವನ ಪರಿಚಯವೂ ಇಲ್ಲದೆ ಅಪ್ಪ ಅವನನ್ನು ಉನ್‌ಗೆತ್ಸೀಫರ್‌ಗೆ ಹೋಲಿಸಿದ್ದನ್ನು ಮಗ ನೆನೆಯುತ್ತಾನೆ. ಪತ್ರದ ಕೊನೆಯಲ್ಲಿ ಅಪ್ಪನ ಉತ್ತರವನ್ನೂ ತಾನೇ ಕಲ್ಪಿಸಿ ಬರೆಯುವಾಗ, ಕಚ್ಚುವುದಷ್ಟೇ ಅಲ್ಲದೆ ರಕ್ತವನ್ನೂ ಹೀರುವ ಉನ್‌ಗೆತ್ಸೀಫರ್‌ನ ಹೋರಾಟ ನಿನ್ನದು ಎಂದು ಅಪ್ಪನಿಂದ ಹೇಳಿಸಿಕೊಳ್ಳುತ್ತಾನೆ. ಜರ್ಮನ್ ಕಲಿತು ಅಂಗಡಿ ಕಟ್ಟಿ ಮೇಲೆ ಬಂದ ಯಹೂದಿ ಅಪ್ಪ, ಹಾಗೆ ಮೇಲೆ ಬಾರದ ಯಹೂದಿಯೊಬ್ಬನನ್ನು ನೋಡಿ, ತನ್ನಂಥವರ ಮೇಲೆ ಬೇರೆಯವರು ಎಸೆಯುತ್ತಿದ್ದ ಪದವನ್ನೇ ಎತ್ತಿ ಎಸೆದ. ಗೆಳೆಯನ ಮೇಲೆ ಬಿದ್ದ ಪದವನ್ನು ಮಗ ಎತ್ತಿಕೊಂಡು ತನ್ನ ಮೈಗೆ ತೊಟ್ಟುಕೊಂಡ. 1912ರ ಕೊನೆಯ ಎರಡು ತಿಂಗಳುಗಳಲ್ಲಿ ಅವನು ಬರೆದ ಕತೆಯನ್ನು ಹೀಗೂ ಓದಬಹುದು.

ಕಾಫ್ಕಾ 1924ರಲ್ಲಿ ಕ್ಷಯದಿಂದ ಸತ್ತ. ಅವನನ್ನು ಭವಿಷ್ಯ ನುಡಿದವನನ್ನಾಗಿ ಮಾಡುವುದು ನನಗೆ ಇಷ್ಟವಿಲ್ಲ. ಅವನು ನುಡಿಯಲಿಲ್ಲ, ಸುತ್ತಲಿದ್ದ ಮಾತನ್ನು ಕೇಳಿಸಿಕೊಂಡ ಅಷ್ಟೆ. ಆದರೆ ಆ ಪದದ ಚರಿತ್ರೆ ಅವನ ಜೊತೆ ನಿಲ್ಲಲಿಲ್ಲ. ನಾಜಿಗಳ ಪ್ರಚಾರದಲ್ಲಿ ಯಹೂದಿಗಳು ಇಲಿ, ಹೇನು, ಉನ್‌ಗೆತ್ಸೀಫರ್ ಆದರು. ಸೈಕ್ಲಾನ್ ಬಿ ಎಂಬ ವಿಷ ಮೊದಲು ತಯಾರಾದದ್ದು ಹೇನು, ತಿಗಣೆಗಳನ್ನು ಕೊಲ್ಲುವುದಕ್ಕೆ. 1941ರಲ್ಲಿ ಆಶ್‌ವಿಟ್ಸ್‌ನಲ್ಲಿ ಅದನ್ನು ಮನುಷ್ಯರ ಮೇಲೆ ಬಳಸಿದರು. ಪದ ಮೊದಲು ಬಂತು, ವಿಷ ಆಮೇಲೆ. ಕಾಫ್ಕಾನ ಮೂವರು ತಂಗಿಯರಲ್ಲಿ ಯಾರೂ ಉಳಿಯಲಿಲ್ಲ. ಎಲ್ಲಿ ಮತ್ತು ವಲ್ಲಿಯನ್ನು 1941ರಲ್ಲಿ ವುಡ್ಜ್ ಪಟ್ಟಣದ ಘೆಟ್ಟೋಗೆ ಸಾಗಿಸಿದರು. ಅವನಿಗೆ ಬಹಳ ಹತ್ತಿರದವಳಾಗಿದ್ದ ಒಟ್ಲಾ 1943ರ ಅಕ್ಟೋಬರಿನಲ್ಲಿ ಮಕ್ಕಳ ಗುಂಪೊಂದರ ಜೊತೆಗೆ ತಾನಾಗಿಯೇ ಹೊರಟು ಆಶ್‌ವಿಟ್ಸ್ ಸೇರಿದಳು.

ಆಮೇಲೆ ಲೋಕ ಈ ಕೊಲೆಗೆ ಒಂದು ಹೆಸರು ಹುಡುಕಿತು: ಹೋಲೋಕಾಸ್ಟ್. ಗ್ರೀಕಿನಲ್ಲಿ ಹಾಗೆಂದರೆ ದೇವರಿಗೆ ಅರ್ಪಿಸಿ ಪೂರ್ತಿಯಾಗಿ ಸುಟ್ಟ ಬಲಿ. ಬಲಿಗೂ ಸಲ್ಲದವರೆಂದು ಕರೆದು ಕೊಂದವರ ಸಾವನ್ನು ಬಲಿ ಎಂದು ಕರೆದಾಯಿತು. ಅನೇಕ ಯಹೂದಿಗಳು ಈ ಹೆಸರನ್ನು ಒಪ್ಪದೆ ವಿನಾಶ ಎಂಬರ್ಥದ ಶೋವಾ ಎಂಬ ಹೀಬ್ರೂ ಪದ ಬಳಸುವುದಕ್ಕೆ ಕಾರಣ ಇದು. ಯಾವ ದೇವರು ಕೇಳಿದ್ದ, ಯಾರು ಅರ್ಪಿಸಿದರು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಇದನ್ನು ಬರೆಯುತ್ತ ಕನ್ನಡದಲ್ಲಿ ನಾವು ಏನನ್ನುತ್ತೇವೆ ಎಂದು ಯೋಚಿಸಿದೆ. ಪತ್ರಿಕೆಯ ತಲೆಬರಹಗಳಲ್ಲಿ ನೋಡಿ: ನರಮೇಧ. ಇಲ್ಲವೇ ಮಾರಣಹೋಮ. ಒಂದರಲ್ಲಿ ಮೇಧ, ಇನ್ನೊಂದರಲ್ಲಿ ಹೋಮ. ಅಮೇಧ್ಯದಲ್ಲಿರುವ ಅದೇ ಮೇಧ. ಮೊದಲು ಒಂದು ಗುಂಪನ್ನು ಅಮೇಧ್ಯವೆಂದು ಕರೆದು, ಕೊಂದ ಮೇಲೆ ಅದನ್ನೇ ಮೇಧ ಎನ್ನುವುದು ನಮ್ಮ ನಾಲಿಗೆಗೂ ರೂಢಿಯಾಗಿದೆ, ಆ ರೂಢಿ ನಮಗೆ ಕೇಳಿಸುತ್ತಲೂ ಇಲ್ಲ. ನಮ್ಮಲ್ಲಿ ಅಮೇಧ್ಯ ಎಂಬ ಪದ ಮನುಷ್ಯರ ಮೇಲೆ ಬೀಳದೆ ವಸ್ತುವಿನ ಹೆಸರಾಗಿ ನಿಂತಿತಲ್ಲ ಎಂದು ಸಮಾಧಾನ ಪಡುವಂತೆಯೂ ಇಲ್ಲ. ಆ ವಸ್ತುವನ್ನು ತಲೆಯ ಮೇಲೆ ಹೊರಿಸಿದ ಜನರಿದ್ದಾರೆ, ಹೊತ್ತವರನ್ನು ವಸ್ತುವಿನಂತೆಯೇ ಊರಾಚೆ ಇಟ್ಟ ಊರುಗಳಿವೆ. ಚುನಾವಣೆಯ ವೇದಿಕೆಯಿಂದ ಗೆದ್ದಲು ಎಂಬ ಪದವನ್ನು ಮನುಷ್ಯರಿಗೆ ಬಳಸಿದ್ದನ್ನೂ ನಾವು ಕೇಳಿದ್ದೇವೆ. ಗೆದ್ದಲಿಗೂ ಒಂದು ‘ಗೆ’ ಬೇಕಿಲ್ಲ. ಅದು ಯಾವಾಗಲೂ ಗುಂಪೇ.

ಮತ್ತೆ ನನ್ನ ನೋಟುಪುಸ್ತಕಕ್ಕೆ ಬರುತ್ತೇನೆ. ಅಮೇಧ್ಯ ಎಂದು ಬರೆಯುವಂತಿಲ್ಲ, ಅರ್ಥ ಪೂರ್ತಿ ಬೇರೆ ಕಡೆ ಹೋಗಿದೆ. ಆದರೆ ಅಜ್ಜಿಯರ ಬಾಯಲ್ಲಿ ಬರುವ ಒಂದು ಜೋಡುಪದವಿದೆ: ಹುಳಹುಪ್ಪಟೆ. ಒಂದು ಪ್ರಾಣಿಯ ಹೆಸರಲ್ಲ, ಇಡೀ ಗುಂಪಿನ ಹೆಸರು, ಉನ್‌ಗೆತ್ಸೀಫರ್ ಇದ್ದಂತೆಯೇ. ‘ಒಂದು ಹುಳಹುಪ್ಪಟೆಯಾಗಿದ್ದ’ ಎಂದು ಬರೆದರೆ ವ್ಯಾಕರಣ ಸ್ವಲ್ಪ ಮುಗ್ಗರಿಸುತ್ತದೆ. ಮುಗ್ಗರಿಸಲಿ, ಒಬ್ಬನ ಮೇಲೆ ಗುಂಪಿನ ಹೆಸರು ಬಿದ್ದಾಗ ಹಾಗೇ ಆಗಬೇಕು. ಅದರ ಹಿಂದಿನ ವಿಶೇಷಣಕ್ಕೆ ಭಯಾನಕ, ದೈತ್ಯ ಎಲ್ಲ ಬಿಟ್ಟು ‘ಸಲ್ಲದ’ ಎಂದು ಬರೆದೆ. ಸವಕಲು ನಾಣ್ಯ ಅಂಗಡಿಯಲ್ಲಿ ಸಲ್ಲುವುದಿಲ್ಲ, ಆಡಬಾರದ ಮಾತು ಸಭೆಗೆ ಸಲ್ಲುವುದಿಲ್ಲ, ದೇವರಿಗೆ ಕೊಡುವುದನ್ನೂ ಸಲ್ಲಿಸುವುದು ಎಂದೇ ಹೇಳುತ್ತೇವೆ. ಮನೆಯನ್ನೂ ಬಲಿಪೀಠವನ್ನೂ ಒಟ್ಟಿಗೆ ಮುಟ್ಟುವ ಪದ ಇದಕ್ಕಿಂತ ಹತ್ತಿರದ್ದು ನನಗೆ ಸಿಗಲಿಲ್ಲ. ಗಾತ್ರ ಮುಂದಿನ ವಾಕ್ಯಗಳಲ್ಲಿ ತಾನಾಗಿ ತಿಳಿಯುತ್ತದೆ.

ಎರಡನೆಯ ವಾಕ್ಯದಲ್ಲಿ ಕನ್ನಡ ಇನ್ನೊಂದು ಲೆಕ್ಕ ಕೇಳಿತು. ಹುಳಹುಪ್ಪಟೆಯಾದ ಮೇಲೆ ಕ್ರಿಯಾಪದ ಏನಾಗಬೇಕು, ನೋಡಿದನೋ ನೋಡಿತೋ? ಕಾಫ್ಕಾನ ನಿರೂಪಕ ಕೊನೆಯವರೆಗೂ ಗ್ರೆಗೋರನನ್ನು ‘ಅವನು’ ಎಂದೇ ಕರೆಯುತ್ತಾನೆ. ‘ಅದು’ ಎನ್ನುವವರು ಇತರರು. ಈ ಪೀಡೆಯ ಎದುರಿಗೆ ಅಣ್ಣನ ಹೆಸರು ಹೇಳಲಾರೆ, ಅದನ್ನು ತೊಲಗಿಸಬೇಕು ಎಂದು ತಂಗಿ ಹೇಳುವಾಗ ಅವನು ಮೊದಲ ಸಲ ‘ಅದು’ ಆಗುತ್ತಾನೆ, ಅವಳು ಬಳಸುವ ‘ಉನ್‌ಟೀರ್’ನಲ್ಲೂ ಅದೇ ‘ಉನ್’. ಬೆಳಿಗ್ಗೆ ಬಂದ ಕೆಲಸದಾಕೆಯ ಬಾಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ, ಅದು ನೆಗೆದುಬಿತ್ತು. ಇಂಗ್ಲಿಷಿನಲ್ಲಿ ಒಂದು ಸರ್ವನಾಮದಲ್ಲಿ ಮುಗಿಯುವ ಈ ವ್ಯತ್ಯಾಸ ಕನ್ನಡದಲ್ಲಿ ಪ್ರತಿ ಕ್ರಿಯಾಪದದ ಬಾಲದಲ್ಲೂ ಕೂರುತ್ತದೆ. ಹಾಗಾಗಿ ಕನ್ನಡ ಅನುವಾದಕ ಪ್ರತಿ ವಾಕ್ಯದ ಕೊನೆಗೂ ನಿಂತು ತಾನು ಯಾರ ಪರ ಎಂದು ನಿರ್ಧರಿಸಬೇಕು.

ಈಗ ಮೂರನೆಯ ಮಳೆಗಾಲ. ಎರಡನೆಯ ಅಧ್ಯಾಯದಲ್ಲಿದ್ದೇನೆ. ಗ್ರೆಗೋರ್ ಗೋಡೆ ಹತ್ತಲು ಕಲಿತಿದ್ದಾನೆ, ಸೂರಿನಿಂದ ತಲೆಕೆಳಗಾಗಿ ನೇತಾಡುವುದರಲ್ಲಿ ಅವನಿಗೆ ಒಂದು ಸಣ್ಣ ಸುಖ ಸಿಕ್ಕಿದೆ. ಮೊನ್ನೆ ಕರಡು ಓದುವಾಗ ಒಂದು ಕಡೆ ಕೈತಪ್ಪಿ ‘ತೆವಳಿತು’ ಎಂದು ಬರೆದಿದ್ದು ಕಣ್ಣಿಗೆ ಬಿತ್ತು. ಹೊಡೆದುಹಾಕಿ ‘ತೆವಳಿದ’ ಎಂದು ತಿದ್ದಿದೆ.